ಎಲ್ಲರ ಸೈಟ್‌ಗೂ ಒಂದೇ ಪ್ಲಗಿನ್ ಫೋಲ್ಡರ್: ಒಪ್ಪಿಗೆ ಕೊಡುವುದು ಹೇಗೆ?

ಬೆಣ್ಣೆನಗರಿ (ವೆಬ್ ವಿಭಾಗ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯ ಮತ್ತು ಚಿತ್ರದುರ್ಗ ಕಡೆಯ ಹಲವು ವಿಭಾಗಗಳು, ಕಾಲೇಜುಗಳು, ಗ್ರಂಥಾಲಯ, ಹಾಸ್ಟೆಲ್ ಎಲ್ಲ ಹಂಚಿಕೊಂಡು ಬಳಸುವ ಒಂದು ವೆಬ್‌ಸೈಟ್ ವೇದಿಕೆಯನ್ನು ನಮ್ಮ ಸಣ್ಣ ತಂಡ ನೋಡಿಕೊಳ್ಳುತ್ತದೆ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶದ ಮಲ್ಟಿಸೈಟ್ ಅದು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಯಾವ ವಿಶ್ವವಿದ್ಯಾಲಯದಲ್ಲಿ ಕೂತರೂ ಈ ಪ್ರಶ್ನೆ ಬಂದೇ ಬರುತ್ತದೆ.

ಪ್ರವೇಶಾತಿ ಶುರುವಾದಾಗ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ಮುಂಚೆ, ಪ್ಲಗಿನ್ (ಸೈಟ್‌ಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ) ಕೇಳುವ ಮೇಲ್‌ಗಳು ಜಾಸ್ತಿಯಾಗುತ್ತವೆ. ಸ್ಲೈಡರ್ ಬೇಕು, ಫಾರ್ಮ್ ಬೇಕು, ಓಡುವ ಅಕ್ಷರ ಬೇಕು, ಪಾಪ್‌ಅಪ್ ಬೇಕು. ಕೇಳುವವರ ತಪ್ಪೇನೂ ಇಲ್ಲ. ಅವರಿಗೆ ಕೆಲಸ ಆಗಬೇಕು. ಆದರೆ ಹೂಂ ಅನ್ನಲೂ ಉಹೂಂ ಅನ್ನಲೂ ನಮ್ಮ ಹತ್ತಿರ ಬರೆದಿಟ್ಟ ಕ್ರಮ ಇಲ್ಲ. ಅದನ್ನು ಮಾಡೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. 2010ರಲ್ಲಿ ಬಂದ 3.0 ಆವೃತ್ತಿಯಿಂದ ಮಲ್ಟಿಸೈಟ್ ವರ್ಡ್‌ಪ್ರೆಸ್‌ನ ಒಳಗೇ ಇದೆ. ಒಂದೇ ವರ್ಡ್‌ಪ್ರೆಸ್, ಅದರಲ್ಲಿ ಎಷ್ಟು ಬೇಕಾದರೂ ಸೈಟ್. ಪ್ರತಿ ಸೈಟ್‌ನ ಬರಹಗಳಿಗೆ ಡೇಟಾಬೇಸ್‌ನಲ್ಲಿ ಬೇರೆ ಟೇಬಲ್‌ಗಳು. ಆದರೆ ಬಳಕೆದಾರರ ಟೇಬಲ್ ಎಲ್ಲರಿಗೂ ಒಂದೇ, ಪ್ಲಗಿನ್ ಫೋಲ್ಡರ್ ಕೂಡ ಒಂದೇ. ಪ್ಲಗಿನ್ ಇನ್‌ಸ್ಟಾಲ್ ಮಾಡುವ ಅಧಿಕಾರ ಪೂರ್ತಿ ವೇದಿಕೆ ನೋಡಿಕೊಳ್ಳುವ ಸೂಪರ್ ಅಡ್ಮಿನ್‌ಗೆ ಮಾತ್ರ. ನಾವು ಅನುಮತಿ ಕೊಟ್ಟಿದ್ದರೆ ಇನ್‌ಸ್ಟಾಲ್ ಆಗಿರುವುದನ್ನು ಒಂದು ವಿಭಾಗದ ಸೈಟ್ ಅಡ್ಮಿನ್ ತನ್ನ ಸೈಟ್‌ನಲ್ಲಿ ಆನ್ ಮಾಡಿಕೊಳ್ಳಬಹುದು, ಅಷ್ಟೇ.

ಇದು ವಠಾರ ಇದ್ದ ಹಾಗೆ. ಒಂದು ಮನೆಯಲ್ಲಿ ಗ್ಯಾಸ್ ಸೋರಿದರೆ ಉಳಿದ ಮನೆಯವರು ನಮಗೇನು ಅನ್ನುವಂತಿಲ್ಲ. ಪ್ಲಗಿನ್‌ನ ಕೋಡ್‌ಗೆ ಬೇಲಿ ಅನ್ನುವುದು ಇಲ್ಲ. ಸಸ್ಯಶಾಸ್ತ್ರ ವಿಭಾಗದಲ್ಲಿ ಆನ್ ಆದ ಗ್ಯಾಲರಿ ಪ್ಲಗಿನ್‌ನ ಕೋಡ್‌ಗೆ, ಮನಸ್ಸು ಮಾಡಿದರೆ, ಪರೀಕ್ಷಾ ವಿಭಾಗದ ಟೇಬಲ್ ಓದುವಷ್ಟು ಕೈ ಇರುತ್ತದೆ.

ನನ್ನ ಪ್ರಸ್ತಾಪ ಇಷ್ಟು. ಮನವಿಯಲ್ಲಿ ಪ್ಲಗಿನ್ ಹೆಸರು ಬರೆಯುವ ಮುಂಚೆ ಆಗಬೇಕಾದ ಕೆಲಸ ಬರೆಯಬೇಕು. ಆ ಕೆಲಸ ಈಗಿರುವುದರಲ್ಲೇ ಆಗುತ್ತದಾ ಅಂತ ಮೊದಲು ನೋಡೋಣ. ಆಗದಿದ್ದರೆ ಪರೀಕ್ಷೆ. ಪಾಸಾದರೆ ಆ ಪ್ಲಗಿನ್‌ಗೆ ಹೊಣೆ ಹೊರುವ ಒಬ್ಬರ ಹೆಸರು, ಮತ್ತೆ ಪರಿಶೀಲಿಸುವ ದಿನಾಂಕ. ನಿಮ್ಮ ಅಭಿಪ್ರಾಯ ಹೇಳಿ.

ಕೋಟೆಊರು (ಕಂಪ್ಯೂಟರ್ ಸೈನ್ಸ್ ಉಪನ್ಯಾಸಕ, ಚಿತ್ರದುರ್ಗ)

ಒಳ್ಳೆ ಕೆಲಸ ಸರ್. ಸುರಕ್ಷತೆ ಅಂದರೆ ಜನ ಬರೀ ರೇಟಿಂಗ್, ಇನ್‌ಸ್ಟಾಲ್ ಸಂಖ್ಯೆ ನೋಡುತ್ತಾರೆ. ಅದು ಸಾಲದು. 2020ರ ಸೆಪ್ಟೆಂಬರ್‌ನಲ್ಲಿ ಫೈಲ್ ಮ್ಯಾನೇಜರ್ ಅನ್ನುವ ಪ್ಲಗಿನ್ 7 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿ ಇತ್ತು. ಅದರೊಳಗೆ ಎಲ್‌ಫೈಂಡರ್ ಅನ್ನುವ, ಬೇರೆಯವರು ಬರೆದ ಸಿದ್ಧ ಕೋಡ್ ಲೈಬ್ರರಿ ಇತ್ತು. ಆ ಲೈಬ್ರರಿಯಲ್ಲಿ ಉದಾಹರಣೆಗೆ ಅಂತ ಕೊಟ್ಟಿದ್ದ ಒಂದು ಫೈಲ್‌ನ ಹೆಸರಿನ ಕೊನೆಯಲ್ಲಿ 'ಡಿಸ್ಟ್' ಅಂತ ಇತ್ತು, ಅಂದರೆ ಅದು ತಾನಾಗಿ ಓಡುವುದಿಲ್ಲ. ಪ್ಲಗಿನ್‌ನಲ್ಲಿ ಆ ಬಾಲ ತೆಗೆದು, ಸರ್ವರ್‌ನಲ್ಲಿ ನೇರ ಓಡುವ ಪಿಎಚ್‌ಪಿ ಫೈಲ್ ಮಾಡಿಬಿಟ್ಟಿದ್ದರು. ಲಾಗಿನ್ ಇಲ್ಲದೆ ಯಾರು ಬೇಕಾದರೂ ಆ ಫೈಲ್ ಮೂಲಕ ಸರ್ವರ್‌ಗೆ ಫೈಲ್ ಏರಿಸಬಹುದಿತ್ತು. ಏರಿಸಿದರು ಕೂಡ. ಅಷ್ಟು ಜನ ಬಳಸುತ್ತಿದ್ದರು ಅನ್ನುವುದು ಯಾರನ್ನೂ ಕಾಪಾಡಲಿಲ್ಲ.

ಮಲ್ಟಿಸೈಟ್‌ನಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಸಾಮಾನ್ಯ ವರ್ಡ್‌ಪ್ರೆಸ್‌ನಲ್ಲಿ ಅಡ್ಮಿನ್ ಅಂದರೆ ಮನೆ ಯಜಮಾನ. ಮಲ್ಟಿಸೈಟ್‌ನಲ್ಲಿ ಹಾಗಲ್ಲ. ಸೈಟ್ ಅಡ್ಮಿನ್ ತನ್ನ ಪುಟದಲ್ಲಿ ಜಾವಾಸ್ಕ್ರಿಪ್ಟ್ ಹಾಕಲು ವರ್ಡ್‌ಪ್ರೆಸ್ ಬಿಡುವುದಿಲ್ಲ, ಸೇವ್ ಮಾಡುವಾಗ ತೆಗೆದುಹಾಕುತ್ತದೆ. ಬೇಕು ಅಂತಲೇ ಹಾಗೆ ಮಾಡಿದ್ದಾರೆ. ಆದರೆ ಬಹಳಷ್ಟು ಪ್ಲಗಿನ್‌ಗಳನ್ನು ಒಂದೇ ಸೈಟ್‌ನ ಯಜಮಾನನನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆದಿರುತ್ತಾರೆ. 'ಹೆಡರ್‌ನಲ್ಲಿ ಕೋಡ್ ಹಾಕಿ', 'ಪಿಎಚ್‌ಪಿ ತುಣುಕು ಸೇರಿಸಿ', 'ಫೈಲ್ ನೋಡಿ' ಅನ್ನುವ ಪ್ಲಗಿನ್‌ಗಳು 'ಮ್ಯಾನೇಜ್ ಆಪ್ಷನ್ಸ್' ಅನ್ನುವ ಅಧಿಕಾರ ಇದ್ದರೆ ಸಾಕು, ಬಾಗಿಲು ತೆರೆಯುತ್ತವೆ. ಆ ಅಧಿಕಾರ ಪ್ರತಿ ವಿಭಾಗದ ಸೈಟ್ ಅಡ್ಮಿನ್‌ಗೂ ಇರುತ್ತದೆ. ಅಂದರೆ ವರ್ಡ್‌ಪ್ರೆಸ್ ಕಿತ್ತುಕೊಂಡ ಅಧಿಕಾರವನ್ನು ಪ್ಲಗಿನ್ ವಾಪಸ್ ಕೊಟ್ಟ ಹಾಗಾಯಿತು. ಪಿಎಚ್‌ಪಿ ಓಡಿಸುವ ಪ್ಲಗಿನ್ ಒಂದು ವಿಭಾಗದಲ್ಲಿ ಆನ್ ಆದರೆ, ಆ ವಿಭಾಗದ ಒಂದು ಪಾಸ್‌ವರ್ಡ್ ಸೋರಿದರೆ ಸಾಕು, ಪೂರ್ತಿ ವೇದಿಕೆ ಹೋಯಿತು.

ಅದಕ್ಕೆ ನನ್ನ ಮಾತು: ಈ ಜಾತಿಯ ಪ್ಲಗಿನ್‌ಗಳಿಗೆ ಪರಿಶೀಲನೆಯೂ ಬೇಡ, ನೇರ ನಿರಾಕರಣೆ. ಯಾರು ಕೇಳಿದರೂ.

ಐಕ್ಯುಎಸಿ_ಮೇಡಂ (ಆಂತರಿಕ ಗುಣಮಟ್ಟ ಭರವಸೆ ಕೋಶ, ದಾವಣಗೆರೆ)

ನಿಮ್ಮಿಬ್ಬರ ಮಾತೂ ಸರಿ. ಆದರೆ ನಮ್ಮ ಕಡೆಯಿಂದಲೂ ಸ್ವಲ್ಪ ನೋಡಿ. ನ್ಯಾಕ್‌ಗೆ ಮಾನದಂಡವಾರು ದಾಖಲೆಗಳು ವೆಬ್‌ಸೈಟ್‌ನಲ್ಲಿ ಇರಬೇಕು. ಕೊಂಡಿ ಒತ್ತಿದರೆ ತೆರೆಯಬೇಕು. ನಮಗೆ ಕೊನೆಯ ದಿನಾಂಕ ಇರುತ್ತದೆ. ಸಮಿತಿ, ಪರೀಕ್ಷೆ, ಸಹಿ ಅಂತ ತಿಂಗಳು ಕಳೆದರೆ ಜನ ಕಾಯುವುದಿಲ್ಲ. ಹೊರಗೆ ಒಂದು ಉಚಿತ ಸೈಟ್ ಮಾಡಿಕೊಂಡು ಅದರ ಕೊಂಡಿ ಕೊಡುತ್ತಾರೆ. ಆಮೇಲೆ ಅದು ಯಾರ ಪಾಸ್‌ವರ್ಡ್‌ನಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಅತಿ ಬಿಗಿ ಮಾಡಿದರೆ ಸುರಕ್ಷತೆ ಕಡಿಮೆಯೇ ಆಗುತ್ತದೆ, ಅಲ್ವಾ?

ಬೆಣ್ಣೆನಗರಿ

ಮೇಡಂ, ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ತಡವಾದ ಉತ್ತರವೂ ಒಂದು ಅಪಾಯ. ಅದಕ್ಕೇ 'ಕೆಲಸ ಹೇಳಿ' ಅಂದಿದ್ದು. ಬರುವ ಮನವಿಗಳಲ್ಲಿ ಬಹಳಷ್ಟಕ್ಕೆ ಪ್ಲಗಿನ್ನೇ ಬೇಕಿಲ್ಲ.

ಪ್ರಶ್ನೆ ಒತ್ತಿದರೆ ಉತ್ತರ ತೆರೆದುಕೊಳ್ಳಬೇಕು ಅಂತ ಅಕಾರ್ಡಿಯನ್ ಪ್ಲಗಿನ್ ಕೇಳುತ್ತಾರೆ. 2023ರ 6.3 ಆವೃತ್ತಿಯಿಂದ ಡೀಟೇಲ್ಸ್ ಬ್ಲಾಕ್ (ಬ್ಲಾಕ್ ಅಂದರೆ ಪುಟ ಕಟ್ಟುವ ಒಂದೊಂದು ತುಂಡು) ಅಂತ ವರ್ಡ್‌ಪ್ರೆಸ್‌ನಲ್ಲೇ ಇದೆ. ಸೈಟ್‌ಮ್ಯಾಪ್‌ಗೆ, ಅಂದರೆ ಸರ್ಚ್ ಎಂಜಿನ್‌ಗೆ ಕೊಡುವ ಪುಟಗಳ ಪಟ್ಟಿಗೆ, ಪ್ಲಗಿನ್ ಕೇಳುತ್ತಾರೆ. 2020ರ 5.5ರಿಂದ ಅದೂ ಒಳಗೇ ಇದೆ. ಚಿತ್ರಗಳು ಬೇಕಾದಾಗ ಮಾತ್ರ ಲೋಡ್ ಆಗುವ ಸೌಲಭ್ಯವೂ ಅದೇ 5.5ರಲ್ಲಿ ಬಂತು. ನಿಮ್ಮ ನ್ಯಾಕ್ ದಾಖಲೆಗಳಿಗೆ ಟೇಬಲ್ ಬ್ಲಾಕ್, ಫೈಲ್ ಬ್ಲಾಕ್ ಸಾಕು. ಇಂಥ ಮನವಿಗೆ ಅವತ್ತೇ ಉತ್ತರ ಕೊಡಬಹುದು, ಮಾಡಿ ತೋರಿಸಲೂಬಹುದು.

ಸಮಿತಿ ಕೂರಬೇಕಾದ್ದು ಉಳಿದದ್ದಕ್ಕೆ ಮಾತ್ರ. ಮನವಿ ಬಂದರೆ ವಾರದೊಳಗೆ 'ಹೌದು', 'ಇಲ್ಲ', ಅಥವಾ 'ಪರೀಕ್ಷೆ ನಡೆಯುತ್ತಿದೆ, ಇಂಥವರು ನೋಡುತ್ತಿದ್ದಾರೆ' ಅನ್ನುವ ಉತ್ತರ ಹೋಗಲೇಬೇಕು ಅಂತ ನಿಯಮದಲ್ಲೇ ಬರೆಯೋಣ. 'ಇಲ್ಲ' ಅಂದರೆ ಬದಲಿ ದಾರಿ ಏನು ಅಂತಲೂ ಹೇಳಬೇಕು.

ಕನ್ನಡ_ವಿಭಾಗ (ಉಪನ್ಯಾಸಕಿ, ದಾವಣಗೆರೆ)

ಈ ಚರ್ಚೆಯಲ್ಲಿ ಇನ್ನೂ ಬಾರದ ಒಂದು ವಿಷಯ ಹೇಳುತ್ತೇನೆ. ಬೇರೆ ದೇಶದ ವಿಶ್ವವಿದ್ಯಾಲಯಗಳ ಪ್ಲಗಿನ್ ನಿಯಮಗಳನ್ನು ನೋಡಿ ನಾವು ಪಟ್ಟಿ ಮಾಡಿದರೆ ಅದರಲ್ಲಿ ಕನ್ನಡ ಪರೀಕ್ಷೆ ಇರುವುದಿಲ್ಲ. ಅವರಿಗೆ ಬೇಕಿಲ್ಲ. ನಮಗೆ ಅದೇ ಮೊದಲು ಬೇಕು.

ಪ್ರಮಾಣಪತ್ರ ಕೊಡುವ ಪ್ಲಗಿನ್ ತೆಗೆದುಕೊಳ್ಳಿ. ಹೆಸರು ತುಂಬಿದರೆ ಪಿಡಿಎಫ್ ಬರುತ್ತದೆ. ಇಂಥ ಹಲವು ಪ್ಲಗಿನ್‌ಗಳ ಒಳಗೆ ಡಾಂಪಿಡಿಎಫ್ ಅನ್ನುವ ಲೈಬ್ರರಿ ಇರುತ್ತದೆ. ಅಕ್ಷರ ಜೋಡಿಸುವ ಕೆಲಸ ಅದಕ್ಕೆ ಬರುವುದಿಲ್ಲ. ಫಾಂಟ್ ಸರಿಯಾಗಿದ್ದರೂ ಒತ್ತಕ್ಷರಗಳು ಕಳಚಿ ಬೀಳುತ್ತವೆ. 'ಚಿತ್ರದುರ್ಗ' ಅಂತ ಬರೆದು ನೋಡಿ. ಗುಣಿತವೂ ಇದೆ, ತ ಅಕ್ಷರಕ್ಕೆ ರ ಒತ್ತೂ ಇದೆ, ಕೊನೆಯಲ್ಲಿ ಅರ್ಕಾವತ್ತೂ ಇದೆ. ಇದೊಂದು ಪದ ಸರಿಯಾಗಿ ಮುದ್ರಣವಾದರೆ ಉಳಿದದ್ದು ಬಹುಮಟ್ಟಿಗೆ ಸರಿಯಾಗುತ್ತದೆ. 'ದಾವಣಗೆರೆ' ಬರೆದು ನೋಡಿದರೆ ಸಾಲದು, ಅದರಲ್ಲಿ ಒತ್ತಕ್ಷರವೇ ಇಲ್ಲ. ಎಂಪಿಡಿಎಫ್ ಅನ್ನುವ ಇನ್ನೊಂದು ಲೈಬ್ರರಿಗೆ ಭಾರತೀಯ ಲಿಪಿಗಳ ಜೋಡಣೆ ಗೊತ್ತು. ಒಪ್ಪಿಗೆಗೆ ಮುಂಚೆ ಒಳಗೆ ಯಾವುದಿದೆ ಅಂತ ಕೇಳಿ.

ಎರಡನೆಯದು ಪುಟದ ವಿಳಾಸ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ, ಅದಕ್ಕೆ 200 ಅಕ್ಷರಗಳ ಮಿತಿ ಇದೆ. ಕನ್ನಡದ ಒಂದೊಂದು ಸಂಕೇತವೂ ಅಲ್ಲಿ ಶೇಕಡಾ ಚಿಹ್ನೆಗಳಾಗಿ ಬದಲಾಗಿ 9 ಜಾಗ ತಿನ್ನುತ್ತದೆ. ಸ್ವರಚಿಹ್ನೆಗೂ 9, ಅರ್ಧಾಕ್ಷರದ ಚಿಹ್ನೆಗೂ 9. ಅಂದರೆ 22 ಸಂಕೇತಕ್ಕೆ ಮಿತಿ ಮುಗಿಯಿತು. 'ಸ್ನಾತಕೋತ್ತರ ಪ್ರವೇಶ ಪ್ರಕಟಣೆ 2025' ಅಂತ ಶೀರ್ಷಿಕೆ ಕೊಟ್ಟರೆ ವಿಳಾಸ 'ಪ್ರಕಟ' ಅನ್ನುವಲ್ಲಿಗೇ ನಿಲ್ಲುತ್ತದೆ. ಇಸವಿ ಬರುವುದೇ ಇಲ್ಲ. ಮುಂದಿನ ವರ್ಷದ ಪ್ರಕಟಣೆಗೂ ಹೆಚ್ಚುಕಡಿಮೆ ಅದೇ ವಿಳಾಸ, ಕೊನೆಗೆ ಒಂದು 2. ಇದಕ್ಕೆ ವಿಳಾಸವನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವ ಪ್ಲಗಿನ್‌ಗಳು ಇವೆ. ಆದರೆ ಸಂಪಾದಕರು ವಿಳಾಸವನ್ನು ಕೈಯಲ್ಲೇ ಚಿಕ್ಕದಾಗಿ ಬರೆಯುವುದನ್ನು ರೂಢಿ ಮಾಡಿಕೊಂಡರೆ ಅದೂ ಬೇಡ.

ಮೂರನೆಯದು 'ಸಾಫ್ಟ್‌ವೇರ್' ಥರದ ಪದಗಳು. ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅದಿದ್ದರೆ ಮಾತ್ರ ಅರ್ಧಾಕ್ಷರ ಅರ್ಧವಾಗಿ ನಿಲ್ಲುತ್ತದೆ. 'ಅನಗತ್ಯ ಅಕ್ಷರ ಸ್ವಚ್ಛ ಮಾಡುತ್ತೇವೆ' ಅನ್ನುವ ಪ್ಲಗಿನ್‌ಗಳು ಅದನ್ನು ಕಿತ್ತುಹಾಕಿದರೆ ಪದ ಒತ್ತಾಗಿ ಕೂಡಿಕೊಳ್ಳುತ್ತದೆ.

ಫಾರ್ಮ್‌ನಲ್ಲಿ ಹೆಸರಿನ ಕಾಲಂ ಕನ್ನಡ ಅಕ್ಷರ ಒಪ್ಪುತ್ತದಾ ಅಂತಲೂ ನೋಡಿ. ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಬರೆದ ಹುಡುಗಿಗೆ 'ಸರಿಯಾದ ಹೆಸರು ನಮೂದಿಸಿ' ಅಂತ ಕೆಂಪು ಅಕ್ಷರದಲ್ಲಿ ಬರುವುದು ನನಗೆ ಸಹಿಸಲಾಗುವುದಿಲ್ಲ. ಇದು ಸಣ್ಣ ದೋಷ ಅಂತ ಪಟ್ಟಿಯ ಕೊನೆಗೆ ತಳ್ಳಬೇಡಿ.

ಗ್ರಂಥಾಲಯ_ಮೇಜು (ಚಿತ್ರದುರ್ಗ)

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಫಾರ್ಮ್‌ನ ಉತ್ತರಗಳನ್ನು ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಹೆಸರುಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ. ಮಾಹಿತಿ ಹಾಳಾಗಿರುವುದಿಲ್ಲ. ಇದು ಯೂನಿಕೋಡ್ ಅಂತ ಎಕ್ಸೆಲ್‌ಗೆ ತಿಳಿಸುವ ಗುರುತನ್ನು ಪ್ಲಗಿನ್ ಫೈಲ್‌ನ ಮೊದಲಲ್ಲಿ ಹಾಕಿರುವುದಿಲ್ಲ, ಅಷ್ಟೇ. ಆದರೆ ಕಚೇರಿಯವರು 'ಕನ್ನಡ ಬರುತ್ತಿಲ್ಲ, ಇಂಗ್ಲಿಷ್‌ನಲ್ಲೇ ತುಂಬಿ' ಅಂತ ಸೂಚನೆ ಹಾಕಿಬಿಡುತ್ತಾರೆ.

ನನ್ನ ಮುಖ್ಯ ಮಾತು ಬೇರೆ. ಫಾರ್ಮ್ ಪ್ಲಗಿನ್ ಕೇಳುವವರಿಗೆ ಯಾವ ಮಾಹಿತಿ, ಯಾಕೆ, ಎಷ್ಟು ದಿನ ಅಂತ ಕೇಳಲೇಬೇಕು. ಪ್ರವೇಶ, ಪರೀಕ್ಷೆ, ಫಲಿತಾಂಶಕ್ಕೆ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್ ಇದೆ. ಅಲ್ಲಿ ಕೊಟ್ಟ ವಿವರವನ್ನೇ ವಿದ್ಯಾರ್ಥಿಗಳಿಂದ ಇಲ್ಲಿ ಮತ್ತೆ ಯಾಕೆ ತುಂಬಿಸಬೇಕು? ಎಷ್ಟೋ ಫಾರ್ಮ್‌ಗಳಲ್ಲಿ ಆಧಾರ್ ಸಂಖ್ಯೆ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲ ಸುಮ್ನೆ ಕೇಳಿರುತ್ತಾರೆ. ಕೆಲವು ಪ್ಲಗಿನ್‌ಗಳು ಅಂಕಪಟ್ಟಿಯನ್ನು ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಇಸವಿ, ತಿಂಗಳ ಹೆಸರಿನ ಕೆಳಗೆ ಹಾಗೇ ಇಡುತ್ತವೆ. ಸರ್ವರ್‌ನಲ್ಲಿ ಫೋಲ್ಡರ್ ಪಟ್ಟಿ ತೆರೆದಿದ್ದರೆ ಯಾರು ಬೇಕಾದರೂ ಒಂದೊಂದಾಗಿ ತೆಗೆದು ನೋಡಬಹುದು. ಗೂಗಲ್‌ನಲ್ಲೂ ಸಿಗಬಹುದು. ಪರೀಕ್ಷೆ ಮಾಡುವುದು ಸುಲಭ: ಒಂದು ಫೈಲ್ ಏರಿಸಿ, ಅದರ ವಿಳಾಸ ಬರೆದಿಟ್ಟುಕೊಂಡು, ಲಾಗೌಟ್ ಆಗಿ ಬೇರೆ ಫೋನ್‌ನಲ್ಲಿ ತೆರೆಯಿರಿ. ತೆರೆದುಕೊಂಡರೆ ಆ ಪ್ಲಗಿನ್ ಬೇಡ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಅಂತ ಇದೆ. ಪದವಿಗೆ ಸೇರುವ ಎಷ್ಟೋ ಮಕ್ಕಳಿಗೆ ಆಗ ಇನ್ನೂ 17.

ಎಂಸಿಎ_ವಿದ್ಯಾರ್ಥಿನಿ (ದಾವಣಗೆರೆ)

ಸರ್, ಮೇಡಂ, ನಮಸ್ತೆ. ಕೋಡ್ ಓದುವ ಕೆಲಸ ವಿದ್ಯಾರ್ಥಿಗಳಿಗೆ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಪ್ಲಗಿನ್ ಚೆಕ್ ಅಂತ ವರ್ಡ್‌ಪ್ರೆಸ್‌ನವರದೇ ಉಪಕರಣ ಇದೆ, ಅದು ಮೊದಲ ಜರಡಿ. ಆಮೇಲೆ ಕೈಯಲ್ಲಿ ಹುಡುಕಬೇಕಾದ ಕೆಲವು ಜಾಗ ಇವೆ. ಅಜಾಕ್ಸ್, ರೆಸ್ಟ್ ಅಂದರೆ ಬ್ರೌಸರ್ ಅಥವಾ ಬೇರೆ ತಂತ್ರಾಂಶ ಸೈಟ್‌ಗೆ ಕೋರಿಕೆ ಕಳಿಸುವ ದಾರಿಗಳು. ಲಾಗಿನ್ ಇಲ್ಲದವರಿಗೂ ತೆರೆದ ಅಜಾಕ್ಸ್ ಬಾಗಿಲುಗಳು ಯಾವುವು? ರೆಸ್ಟ್ ಮಾರ್ಗಗಳಲ್ಲಿ ಅನುಮತಿ ಕೇಳುವ ಕಡೆ 'ಎಲ್ಲರಿಗೂ ಹೌದು' ಅಂತ ಬರೆದಿದ್ದಾರಾ? ಹೊರಗಿನ ಯಾವ ಸರ್ವರ್‌ಗೆ ಮಾಹಿತಿ ಹೋಗುತ್ತದೆ?

ನನಗೆ ತುಂಬ ಆಶ್ಚರ್ಯ ಆದದ್ದು 'ಈಸ್ ಅಡ್ಮಿನ್' ಅನ್ನುವ ಫಂಕ್ಷನ್. ಹೆಸರು ಕೇಳಿದರೆ ಬಳಕೆದಾರ ಅಡ್ಮಿನ್ ಹೌದಾ ಅಂತ ನೋಡುತ್ತದೆ ಅನ್ನಿಸುತ್ತದೆ. ಅದು ನೋಡುವುದು ಕೋರಿಕೆ ಆಡಳಿತ ಪುಟಗಳ ಕಡೆಯಿಂದ ಬಂದಿದೆಯಾ ಅಂತ ಮಾತ್ರ. ಅಡ್ಮಿನ್ ಅಜಾಕ್ಸ್ ಮೂಲಕ ಬಂದರೆ ಲಾಗಿನ್ ಇಲ್ಲದವರಿಗೂ ಹೌದು ಅನ್ನುತ್ತದೆ. ಇದನ್ನೇ ಕಾವಲು ಅಂತ ನಂಬಿ ಬರೆದ ಪ್ಲಗಿನ್ ಸಿಕ್ಕರೆ ಅಲ್ಲಿಗೇ ನಿಲ್ಲಿಸಬಹುದು.

ವೇಗದ್ದೂ ಹೇಳಬೇಕು. ಜಗಳೂರು, ಮೊಳಕಾಲ್ಮೂರು ಕಡೆಯ ನನ್ನ ಸ್ನೇಹಿತೆಯರು ಎಲ್ಲವನ್ನೂ ಫೋನ್‌ನಲ್ಲೇ ನೋಡುತ್ತಾರೆ, ಡೇಟಾ ಪ್ಯಾಕ್ ಉಳಿಸಿಕೊಂಡು. ಫಾರ್ಮ್ ಇರುವುದು ಒಂದೇ ಪುಟದಲ್ಲಿ, ಆದರೆ ಪ್ಲಗಿನ್ ತನ್ನ ಸ್ಕ್ರಿಪ್ಟ್‌ಗಳನ್ನು ಎಲ್ಲ ಪುಟಕ್ಕೂ ಹಾಕುತ್ತದೆ. ಪುಟದ ಭಾರ ತೋರಿಸುವ ಕ್ವೆರಿ ಮಾನಿಟರ್ ಹಾಕಿ ಪ್ಲಗಿನ್ ಆನ್ ಮಾಡುವ ಮುಂಚೆ, ಆಮೇಲೆ ಎರಡೂ ಅಳೆದರೆ ಗೊತ್ತಾಗುತ್ತದೆ. ಪ್ರತಿ ಪುಟಕ್ಕೂ ತಾನಾಗಿ ಲೋಡ್ ಆಗುವ ಆಪ್ಷನ್‌ಗಳ (ಉಳಿಸಿಟ್ಟ ಸೆಟ್ಟಿಂಗ್‌ಗಳ) ಗಾತ್ರ 800 ಕೆಬಿ ದಾಟಿದರೆ 6.6 ಆವೃತ್ತಿಯಿಂದ ವರ್ಡ್‌ಪ್ರೆಸ್‌ನ ಸೈಟ್ ಹೆಲ್ತ್ ಪುಟದಲ್ಲೇ ಎಚ್ಚರಿಕೆ ಬರುತ್ತದೆ.

ಕೋಟೆಊರು

ಒಳ್ಳೆ ಮಾತು ಹೇಳಿದೆ ತಾಯಿ. ಟೇಬಲ್ ಲೆಕ್ಕವನ್ನೂ ಸೇರಿಸು. ಪ್ಲಗಿನ್ 4 ಟೇಬಲ್ ಮಾಡುತ್ತದೆ ಅಂದರೆ ಸಣ್ಣದು ಅನ್ನಿಸುತ್ತದೆ. 50 ಸೈಟ್‌ಗಳಿಗೆ ನೆಟ್‌ವರ್ಕ್ ಆಕ್ಟಿವೇಟ್ ಮಾಡಿದರೆ, ಅಂದರೆ ಎಲ್ಲ ಸೈಟ್‌ಗಳಲ್ಲೂ ಒಮ್ಮೆಗೇ ಆನ್ ಮಾಡಿದರೆ, 200. ಪ್ಲಗಿನ್ ತೆಗೆದರೂ ಎಷ್ಟೋ ಸಲ ಅವು ಹಾಗೇ ಉಳಿಯುತ್ತವೆ. ಹಾಗಾಗಿ ಪರೀಕ್ಷೆಯಲ್ಲಿ ತೆಗೆದು ನೋಡುವ ಹಂತವೂ ಇರಲಿ. ಏನು ಉಳಿಯಿತು ಅಂತ ಡೇಟಾಬೇಸ್ ನೋಡಬೇಕು.

ಒಂದು ಎಚ್ಚರಿಕೆ. ವಿದ್ಯಾರ್ಥಿಗಳು ಓದಲಿ, ವರದಿ ಬರೆಯಲಿ, ಅದು ಅವರಿಗೂ ಒಳ್ಳೆಯದು. ಸಹಿ ಮಾತ್ರ ನೌಕರರದ್ದೇ ಇರಬೇಕು. ಏನಾದರೂ ಆದರೆ ಆ ಮಕ್ಕಳ ತಲೆಗೆ ಬರಬಾರದು.

ಇತಿಹಾಸ_ಮೇಷ್ಟ್ರು (ಚಳ್ಳಕೆರೆ)

ನಾನು ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಬಳಸುವವನು. ಎನ್‌ವಿಡಿಎ, ಅದರಲ್ಲಿ ಇ-ಸ್ಪೀಕ್‌ನ ಕನ್ನಡ ದನಿ. ಎರಡೂ ಉಚಿತ. ನಿಮ್ಮ ಪಟ್ಟಿಗೆ ನನ್ನ ಕಡೆಯಿಂದ ಮೂರು ಪರೀಕ್ಷೆ.

ಓಡುವ ಅಕ್ಷರದ ಪಟ್ಟಿ ನಮ್ಮ ಕಾಲೇಜು ಸೈಟ್‌ಗಳಲ್ಲಿ ಇಲ್ಲದ ಕಡೆ ಇಲ್ಲ. ವೆಬ್ ಪ್ರವೇಶಸಾಧ್ಯತೆಯ ಡಬ್ಲ್ಯುಸಿಎಜಿ ನಿಯಮದ ಪ್ರಕಾರ ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಓಡುವ ಯಾವುದನ್ನೂ ನಿಲ್ಲಿಸಲು ಬಳಕೆದಾರನಿಗೆ ಒಂದು ಗುಂಡಿ ಇರಬೇಕು. ಗುಂಡಿ ಇಲ್ಲದ ಟಿಕರ್, ಸ್ಲೈಡರ್ ಪ್ಲಗಿನ್‌ಗೆ ಒಪ್ಪಿಗೆ ಬೇಡ. ಕಣ್ಣು ಕಾಣುವವರಿಗೂ ಓಡುವ ಸಾಲಿನ ಮೇಲೆ ಬೆರಳಿಟ್ಟು ಒತ್ತುವುದು ಕಷ್ಟವೇ.

ಎರಡು, ಮೌಸ್ ಮುಟ್ಟದೆ ಬರೀ ಟ್ಯಾಬ್ ಕೀ ಒತ್ತಿ ಪ್ಲಗಿನ್‌ನ ಎಲ್ಲ ಗುಂಡಿಗಳನ್ನೂ ತಲುಪಿ ನೋಡಿ. ಪಾಪ್‌ಅಪ್ ಬಂದರೆ ಎಸ್ಕೇಪ್ ಒತ್ತಿದಾಗ ಮುಚ್ಚಬೇಕು.

ಮೂರು, ಪುಟದ ಭಾಷೆ. ಬರಹ ಕನ್ನಡದಲ್ಲಿದ್ದು ಭಾಷೆಯ ಗುರುತು ಇಂಗ್ಲಿಷ್ ಅಂತಿದ್ದರೆ ದನಿ ಇಂಗ್ಲಿಷ್‌ಗೆ ಬದಲಾಗಿ, ಕನ್ನಡವನ್ನು ಓದಲು ಬಾರದೆ ತಡವರಿಸುತ್ತದೆ ಅಥವಾ ಬಿಟ್ಟೇ ಮುಂದೆ ಹೋಗುತ್ತದೆ. ಕೆಲವು ಪ್ಲಗಿನ್‌ಗಳು ತಮ್ಮ ಪೆಟ್ಟಿಗೆಯ ಭಾಷೆಯನ್ನು ಇಂಗ್ಲಿಷ್ ಅಂತಲೇ ಕಟ್ಟಿ ಕಳಿಸಿರುತ್ತವೆ.

ಮತ್ತೆ, 'ಒಂದು ಸಾಲು ಕೋಡ್ ಹಾಕಿ, ಸೈಟ್ ಎಲ್ಲರಿಗೂ ಸುಲಭ' ಅಂತ ಮಾರುವ ಓವರ್‌ಲೇ ಪ್ಲಗಿನ್‌ಗಳನ್ನು ನನ್ನಂಥವರ ಹೆಸರು ಹೇಳಿ ಕೇಳಬೇಡಿ. ಅವು ನನ್ನ ಸ್ಕ್ರೀನ್ ರೀಡರ್‌ಗೆ ಅಡ್ಡ ಬರುವುದೇ ಜಾಸ್ತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೇಳುವುದು ಸೈಟ್ ಸರಿಯಿರಲಿ ಅಂತ. ಮೇಲೆ ಒಂದು ಗುಂಡಿ ಅಂಟಿಸಿ ಅಂತಲ್ಲ.

ತುಂಗಭದ್ರಾ_ತೀರ (ವೆಬ್ ಡೆವಲಪರ್, ಹರಿಹರ)

ಇಷ್ಟು ಹೊತ್ತು ಓದಿದೆ. ಹೊರಗಿನಿಂದ ಕೆಲಸ ಮಾಡಿಕೊಡುವವರ ಪರವಾಗಿ ಒಂದೆರಡು ಮಾತು. ಎಳೆದು ಬಿಟ್ಟು ಪುಟ ಕಟ್ಟುವ ಪೇಜ್ ಬಿಲ್ಡರ್ ಪ್ಲಗಿನ್ ಬೇಡ ಅನ್ನುವುದು ಸುಲಭ. ಆದರೆ ವಿಭಾಗದವರು ತೋರಿಸುವ ಮಾದರಿ ನೋಡಿದರೆ ಬರೀ ಬ್ಲಾಕ್‌ಗಳಲ್ಲಿ ಅದನ್ನು ಮಾಡಲು ಸಮಯ ಬೇಕು. ಅವರು ಕೊಡುವ ದುಡ್ಡಿಗೆ ಆ ಸಮಯ ಹೊಂದುವುದಿಲ್ಲ. ಒಳ್ಳೆ ಬ್ಲಾಕ್ ವಿನ್ಯಾಸಗಳನ್ನು ನೀವೇ ಮಾಡಿ ಇಟ್ಟರೆ ನಾವು ಬಿಲ್ಡರ್ ಕೇಳುವುದಿಲ್ಲ. ಬಿಲ್ಡರ್ ತೆಗೆದ ಮೇಲೆ ಪುಟದ ತುಂಬ ಚೌಕ ಕಂಸಗಳಲ್ಲಿ ಶಾರ್ಟ್‌ಕೋಡ್ (ಬಿಲ್ಡರ್‌ಗೆ ಮಾತ್ರ ಅರ್ಥವಾಗುವ ಗುರುತು) ಉಳಿಯುತ್ತದೆ ಅನ್ನುವುದು ನಮಗೂ ಗೊತ್ತು.

ಹಣ ಕೊಟ್ಟು ಕೊಳ್ಳುವ ಪ್ಲಗಿನ್ ಬಗ್ಗೆ ಯಾರೂ ಹೇಳಿಲ್ಲ. ಲೈಸೆನ್ಸ್ ಡೆವಲಪರ್ ಹೆಸರಲ್ಲಿ ಇರಬಾರದು. ಅವನು ಬೇರೆ ಊರಿಗೆ ಹೋದ, ನವೀಕರಣ ನಿಂತಿತು. ಪ್ಲಗಿನ್ ಕೆಲಸ ಮಾಡುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಸುರಕ್ಷತಾ ಅಪ್‌ಡೇಟ್ ಮಾತ್ರ ಬರುವುದಿಲ್ಲ. ಕಾರ್ಡ್‌ನಿಂದ ತಾನಾಗಿ ಕಡಿತ ಆಗುತ್ತದೆ ಅಂತಲೂ ನಂಬಬೇಡಿ. 2021ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮ ಬಿಗಿಯಾದ ಮೇಲೆ ಹೊರದೇಶದ ಎಷ್ಟೋ ಚಂದಾ ಪಾವತಿಗಳು ತಾನಾಗಿ ಹೋಗುವುದು ನಿಂತವು.

ನಲ್ಡ್ ಪ್ಲಗಿನ್ ಅಂತೂ ಮುಟ್ಟಲೇಬೇಡಿ. ಲೈಸೆನ್ಸ್ ತಪಾಸಣೆ ಕಿತ್ತು ಪುಕ್ಕಟೆ ಹಂಚುವ ಪ್ರತಿಗಳು. ಅದನ್ನು ಕಿತ್ತವರು ಅದರೊಳಗೆ ಇನ್ನೇನು ಸೇರಿಸಿದ್ದಾರೆ ಅಂತ ಹೇಳುವವರಿಲ್ಲ.

ಐಕ್ಯುಎಸಿ_ಮೇಡಂ

ಒಂದು ಸಂಶಯ. ಇಷ್ಟೆಲ್ಲ ಪರೀಕ್ಷೆ ಪಾಸಾಗಿ ಒಳಗೆ ಬಂದ ಪ್ಲಗಿನ್‌ಗೆ ಮತ್ತೆ ಪರಿಶೀಲನೆ ಯಾಕೆ?

ಬೆಣ್ಣೆನಗರಿ

ಯಾಕೆಂದರೆ ನಾವು ಪರೀಕ್ಷೆ ಮಾಡಿದ್ದು ಅವತ್ತಿನ ಆವೃತ್ತಿಯನ್ನು, ಅವತ್ತಿನ ಮಾಲೀಕರನ್ನು. 2017ರಲ್ಲಿ ಡಿಸ್‌ಪ್ಲೇ ವಿಜೆಟ್ಸ್ ಅನ್ನುವ ಪ್ಲಗಿನ್‌ನ ಕಥೆ ನೋಡಿ. ಸುಮಾರು 2 ಲಕ್ಷ ಸೈಟ್‌ಗಳಲ್ಲಿ ಇತ್ತು. ಮೂಲ ಲೇಖಕರು ಅದನ್ನು ಬೇರೆಯವರಿಗೆ ಮಾರಿದರು. ಹೊಸಬರು ಅಪ್‌ಡೇಟ್ ಜೊತೆ ಹಿಂಬಾಗಿಲು ಸೇರಿಸಿದರು. ಸೈಟ್‌ನಲ್ಲಿ ಜಾಹೀರಾತು ಪುಟಗಳು ಹುಟ್ಟಿಕೊಂಡವು, ಆದರೆ ಲಾಗಿನ್ ಆದವರಿಗೆ ಅವು ಕಾಣುತ್ತಿರಲಿಲ್ಲ. ಅಂದರೆ ಸೈಟ್ ನೋಡಿಕೊಳ್ಳುವವರಿಗೇ ಕಾಣುತ್ತಿರಲಿಲ್ಲ! ವರ್ಡ್‌ಪ್ರೆಸ್ ಭಂಡಾರದಿಂದ ಅದನ್ನು ತೆಗೆದರು, ಮತ್ತೆ ಬಂತು, ಕೊನೆಗೆ ಸೆಪ್ಟೆಂಬರ್‌ನಲ್ಲಿ ಪೂರ್ತಿ ತೆಗೆದರು.

2024ರ ಜೂನ್‌ನಲ್ಲಿ ಮಾಲೀಕರು ಬದಲಾಗದೆಯೂ ಹೀಗೇ ಆಯಿತು. ಕೆಲವು ಪ್ಲಗಿನ್ ಲೇಖಕರು ಬೇರೆ ಕಡೆ ಸೋರಿದ ಪಾಸ್‌ವರ್ಡ್ ಅನ್ನೇ ಇಲ್ಲೂ ಇಟ್ಟುಕೊಂಡಿದ್ದರು. ದಾಳಿಕೋರರು ಅವರ ಹೆಸರಲ್ಲೇ ಅಪ್‌ಡೇಟ್ ಕಳಿಸಿದರು. ಆ ಅಪ್‌ಡೇಟ್ ಹೊಸ ಅಡ್ಮಿನ್ ಖಾತೆ ಸೃಷ್ಟಿಸುತ್ತಿತ್ತು. ಇದನ್ನು ಓದಿ 'ಹಾಗಾದರೆ ಅಪ್‌ಡೇಟೇ ಬೇಡ' ಅನ್ನುವ ಹಾಗಿಲ್ಲ. ಫೈಲ್ ಮ್ಯಾನೇಜರ್ ವಿಷಯದಲ್ಲಿ ಅಪ್‌ಡೇಟ್ ಮಾಡಿದವರೇ ಉಳಿದದ್ದು. ಹಾಗಾಗಿ ಅಪ್‌ಡೇಟ್ ಮೊದಲು ಪರೀಕ್ಷಾ ಸರ್ವರ್‌ಗೆ, ಅಲ್ಲಿ ನೋಡಿ ಮರುದಿನ ಮುಖ್ಯ ಸರ್ವರ್‌ಗೆ. ತುರ್ತು ಸುರಕ್ಷತಾ ಅಪ್‌ಡೇಟ್ ಆದರೆ ಅವತ್ತೇ. ಇದನ್ನು ದಿನಾ ನೋಡುವ ಮನುಷ್ಯ ಬೇಕು, ಅದಕ್ಕೇ ಪ್ಲಗಿನ್ ಸಂಖ್ಯೆ ಕಡಿಮೆ ಇರಬೇಕು ಅಂತ ಹಟ ಹಿಡಿಯುತ್ತೇನೆ. ನಮ್ಮ ಕೈಲಿ ಎಷ್ಟನ್ನು ನೋಡಿಕೊಳ್ಳಲು ಆಗುತ್ತದೋ ಅಷ್ಟು ಮಾತ್ರ.

ಏನಾದರೂ ಆದರೆ ಸಮಯವೂ ಕಡಿಮೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಯಾವ ಪ್ಲಗಿನ್ ಯಾವ ಸೈಟ್‌ನಲ್ಲಿದೆ, ಯಾರ ಹೊಣೆ ಅನ್ನುವ ಪಟ್ಟಿ ಮೊದಲೇ ಇಲ್ಲದಿದ್ದರೆ ಆ 6 ಗಂಟೆ ಹುಡುಕುವುದರಲ್ಲೇ ಹೋಗುತ್ತದೆ.

ಹೊಣೆ ಹೊರುವವರು ಅಂದರೆ ಕೋಡ್ ಬರೆಯುವವರಲ್ಲ. ವಿಭಾಗದ ಕಡೆಯಿಂದ ಒಬ್ಬರು. ಈ ಪ್ಲಗಿನ್ ಇನ್ನೂ ಬೇಕಾ ಅಂತ ಕೇಳಿದರೆ ಉತ್ತರ ಕೊಡುವವರು, ಲೈಸೆನ್ಸ್ ಕಡತ ಮುಂದೆ ದೂಡುವವರು. ವರ್ಗಾವಣೆ ಆದರೆ ಹೆಸರು ಬದಲಿಸಬೇಕು. ಹೆಸರೇ ಇಲ್ಲದ ಪ್ಲಗಿನ್‌ಗೆ ಸೂಚನೆ ಕೊಟ್ಟು, ಕಾದು, ತೆಗೆದುಬಿಡೋಣ.

ಕನ್ನಡ_ವಿಭಾಗ

ಕನ್ನಡ ಪರೀಕ್ಷೆಯ ಹೊಣೆ ನನ್ನ ಹೆಸರಿಗೆ ಹಾಕಿಕೊಳ್ಳಿ. ಪರೀಕ್ಷಾ ಪದಗಳ ಒಂದು ಪುಟ ಮಾಡಿಕೊಡುತ್ತೇನೆ. ಹಳೆ ನುಡಿ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್‌ಗಳನ್ನೂ ಕೊಡುತ್ತೇನೆ. ಯೂನಿಕೋಡ್ ಅಲ್ಲದ ಆ ಕಡತಗಳ ಒಳಗೆ ಹುಡುಕುತ್ತೇವೆ ಅನ್ನುವ ಸರ್ಚ್ ಪ್ಲಗಿನ್‌ಗಳ ಮಾತು ಎಷ್ಟು ನಿಜ ಅಂತ ಅದರಲ್ಲೇ ಗೊತ್ತಾಗುತ್ತದೆ.

ಇತಿಹಾಸ_ಮೇಷ್ಟ್ರು

ಕೀಬೋರ್ಡ್, ಸ್ಕ್ರೀನ್ ರೀಡರ್ ಪರೀಕ್ಷೆ ನಾನು ಮಾಡುತ್ತೇನೆ. ಆದರೆ ನನ್ನೊಬ್ಬನ ಮೇಲೆ ನಿಲ್ಲಬಾರದು. ಎಂಸಿಎ ಮಕ್ಕಳಿಗೂ ಎನ್‌ವಿಡಿಎ ಬಳಸಲು ಕಲಿಸುತ್ತೇನೆ, ಕಳಿಸಿ.

ಐಕ್ಯುಎಸಿ_ಮೇಡಂ

ಸರಿ, ಹಾಗಾದರೆ ಹೊಸ ಕ್ರಮದಲ್ಲಿ ನನ್ನದೇ ಮೊದಲ ಮನವಿ. ಕೆಲಸ: ವಿಚಾರ ಸಂಕಿರಣ, ಕಾರ್ಯಾಗಾರಗಳ ದಿನಾಂಕ ಎಲ್ಲ ವಿಭಾಗಗಳಿಂದ ಒಂದೇ ಕಡೆ ಕಾಣಬೇಕು. ಮುಗಿದವು ವರ್ಷವಾರು ಉಳಿಯಬೇಕು, ನ್ಯಾಕ್‌ಗೆ ಬೇಕಾಗುತ್ತದೆ. ನೋಂದಣಿ ಬೇಡ, ಯಾರ ಮಾಹಿತಿಯೂ ಸಂಗ್ರಹಿಸುವುದಿಲ್ಲ. ಹೊಣೆ ನನ್ನದು. ನಾನು ನೋಡಿರುವ ಕ್ಯಾಲೆಂಡರ್ ಪ್ಲಗಿನ್ ಹೆಸರನ್ನು ಮೇಲ್‌ನಲ್ಲಿ ಕಳಿಸಿದ್ದೇನೆ.

ಬೆಣ್ಣೆನಗರಿ

ಮೇಡಂ, ಮನವಿ ಸಿಕ್ಕಿತು. ದಿನಾಂಕಗಳು ಒಂದು ಸೈಟ್‌ನಲ್ಲಿ ಮಾತ್ರ ಆಗಿದ್ದರೆ ಟೇಬಲ್ ಬ್ಲಾಕ್ ಸಾಕು ಅನ್ನುತ್ತಿದ್ದೆ. ಎಲ್ಲ ವಿಭಾಗಗಳಿಂದ ಒಟ್ಟುಗೂಡಬೇಕು ಅಂದಿದ್ದೀರಿ, ಇದಕ್ಕೆ ಪ್ಲಗಿನ್ ಬೇಕೇ ಬೇಕು. ಪರೀಕ್ಷಾ ಸರ್ವರ್‌ನಲ್ಲಿ ಹಾಕಿದ್ದೇನೆ. ಎಂಸಿಎ ವಿದ್ಯಾರ್ಥಿನಿಯವರೇ, ನೀವು ಕೋಡ್ ಮತ್ತು ಟೇಬಲ್ ಲೆಕ್ಕ ನೋಡಿ, ವರದಿಯನ್ನು ಕೋಟೆಊರು ಸರ್‌ಗೆ ಕಳಿಸಿ. ತಿಂಗಳ ಚೌಕದಲ್ಲಿ ಟ್ಯಾಬ್ ಕೀ ಓಡಾಡುತ್ತದಾ ಅನ್ನುವುದು ಚಳ್ಳಕೆರೆ ಸರ್‌ಗೆ. ಉಪನ್ಯಾಸದ ಶೀರ್ಷಿಕೆಗಳನ್ನು ಕನ್ನಡದಲ್ಲೇ ತುಂಬಿದ್ದೇನೆ, ಉದ್ದದ್ದನ್ನೇ ಆರಿಸಿ. ಹೂಂ ಅಂದರೂ ನೆಟ್‌ವರ್ಕ್ ಆಕ್ಟಿವೇಟ್ ಮಾಡುವುದಿಲ್ಲ, ದಿನಾಂಕ ಹಾಕುವ ವಿಭಾಗಗಳಲ್ಲಿ ಮಾತ್ರ ಆನ್ ಮಾಡೋಣ. ಫಲಿತಾಂಶ ಏನೇ ಬರಲಿ, ಸೋಮವಾರದೊಳಗೆ ಇಲ್ಲೇ ಬರೆಯುತ್ತೇನೆ.